ಭಾನುವಾರದ ಹತ್ತಿ

ಸಿಂಕಿನ ಪಕ್ಕದ ಸ್ಟೀಲ್ ಬೋಗುಣಿಯಲ್ಲಿ ಬಿಸಿನೀರಿನ ಹಬೆ ಏಳುತ್ತಿತ್ತು. ಹಂಸಿನಿ ಅದಕ್ಕೆ ಒಂದು ಹನಿ ಸೋಪು ಬಿಟ್ಟು ಗಂಡ ಸೇದುವ ವೇಪಿನ, ಅಂದರೆ ಬ್ಯಾಟರಿ ಸಿಗರೇಟಿನ, ಟ್ಯಾಂಕನ್ನು ಬಿಚ್ಚತೊಡಗಿದಳು. ಮೊದಲು ಮೇಲಿನ ಮುಚ್ಚಳ, ಆಮೇಲೆ ಹೆಬ್ಬೆರಳಿನ ದಪ್ಪದ ಗಾಜಿನ ಕೊಳವೆ, ಆಮೇಲೆ ಹೊಗೆ ಮೇಲೇರುವ ಲೋಹದ ನಳಿಗೆ. ಇವಿಷ್ಟೂ ನೀರಿಗಿಳಿದ ಮೇಲೆ ಕೈಯಲ್ಲಿ ಉಳಿಯುವುದು ಹಳೆಯ ಎಂಟಾಣೆಯಷ್ಟು ಅಗಲದ ಒಂದು ಪೀಠ. ಅದರ ಮೇಲೆ ಎರಡು ಸ್ಕ್ರೂಗಳ ನಡುವೆ ಸ್ಪ್ರಿಂಗಿನಂತೆ ಸುತ್ತಿಕೊಂಡು ಕೂತ ತಂತಿ, ಅದೇ ಕಾಯಿಲ್. ಕಾಯಿಲಿನ ಹೊಟ್ಟೆಯೊಳಗಿಂದ ಎರಡೂ ಕಡೆ ಇಳಿಬಿದ್ದ ಹತ್ತಿ. ಹೋದ ಭಾನುವಾರ ಅವಳೇ ಹೊಸೆದು ತೂರಿಸಿದಾಗ ಬೆಳ್ಳಗಿದ್ದ ಹತ್ತಿ ಈಗ ಕಾಫಿ ಗಸಿಯ ಬಣ್ಣಕ್ಕೆ ತಿರುಗಿತ್ತು. ಚಿಮುಟದ ತುದಿಯಲ್ಲಿ ಹಿಡಿದು ಎಳೆದಾಗ ಕಾಯಿಲಿಗೆ ಅಂಟಿದ್ದ ಕರಿಯೂ ಚೂರುಚೂರಾಗಿ ಕಿತ್ತು ಬಂತು. ಸುಟ್ಟ ಬೆಲ್ಲದ ವಾಸನೆ, ಅದರ ಹಿಂದೆ ಎಲ್ಲೋ ಮಾವಿನಹಣ್ಣಿನದು. ಟ್ಯಾಂಕಿಗೆ ತುಂಬಲು ಅವನು ತರುವ ಜ್ಯೂಸಿನಲ್ಲಿ ಸಿಹಿ ಹೆಚ್ಚು, ಅದಕ್ಕೇ ಕಾಯಿಲಿಗೆ ಬೇಗ ಕರಿ ಕಟ್ಟುತ್ತದೆ. ಸಿಹಿಯಿಲ್ಲದ್ದು ತನ್ನಿ ಎಂದು ಅವಳು ಹೇಳಬಹುದಿತ್ತು. ಹೇಳಿರಲಿಲ್ಲ.

ಕಿಟಕಿಯಾಚೆ ನ್ಯೂಯಾರ್ಕಿಗೆ ಹತ್ತಿರದ ಪಿಸ್ಕಾಟವೇ ಊರಿನ ಟೌನ್‌ಹೌಸುಗಳ ಸಾಲು ಸದ್ದಿಲ್ಲದೆ ನಿಂತಿತ್ತು. ರಾತ್ರಿಯೆಲ್ಲ ಬಿದ್ದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿ, ಪಕ್ಕದ ಮನೆಯ ಕಾರು ಗಾಜಿನ ಹಾಳೆಯಲ್ಲಿ ಸುತ್ತಿಟ್ಟ ಹಾಗೆ ಕಾಣುತ್ತಿತ್ತು. ದಿವಾಕರ ಕತ್ತಲಿರುವಾಗಲೇ ನ್ಯೂಯಾರ್ಕಿನ ಟ್ರೇನಿಗೆ ಹೊರಟಿದ್ದ. ಹೊರಡುವ ಮುಂಚೆ, ಎಲ್ಲ ಶುಕ್ರವಾರಗಳ ಹಾಗೆ, ಕೊಳೆಯಾದ ಟ್ಯಾಂಕನ್ನು ಕರ್ಚೀಫಿನಲ್ಲಿ ಸುತ್ತಿ ವಾಷಿಂಗ್ ಮೆಷಿನ್ನಿನ ಮೇಲೆ ಇಟ್ಟಿದ್ದ, ಪಕ್ಕದಲ್ಲಿ ಬ್ಯಾಟರಿಯ ಡಬ್ಬಿ. ಇಟ್ಟಿದ್ದೇನೆಂದು ಅವನು ಹೇಳುವುದಿಲ್ಲ, ತೊಳೆದೆನೆಂದು ಇವಳೂ ಹೇಳುವುದಿಲ್ಲ. ಶುಕ್ರವಾರ ತಲೆಗೆ ಎರೆದುಕೊಂಡು ಅವಳು ಬಚ್ಚಲಿನಿಂದ ಬರುವಷ್ಟರಲ್ಲಿ ಮಗಳು ತಾರಿಣಿ ತಾನೇ ಸೀರಿಯಲ್ ತಿಂದು, ಬಾಗಿಲೆಳೆದುಕೊಂಡು ಸ್ಕೂಲ್ ಬಸ್ಸಿಗೆ ಹೋಗಿಬಿಟ್ಟಿರುತ್ತಾಳೆ. ಆಮೇಲೆ ಮನೆ ಇವಳೊಬ್ಬಳದು. ಒದ್ದೆ ತಲೆಗೆ ಟವೆಲ್ಲು ಸುತ್ತಿಕೊಂಡು, ದೇವರಿಗೆ ದೀಪ ಹಚ್ಚುವುದಕ್ಕೂ ಮೊದಲು ಈ ಕೆಲಸ. ದೀಪ ಮೊದಲು ಹಚ್ಚಬೇಕು ಎಂದು ಪ್ರತಿ ಸಲ ಅಂದುಕೊಳ್ಳುತ್ತಾಳೆ. ಆದರೆ ಹಚ್ಚಿದ ಮೇಲೆ, ಅದು ಉರಿಯುತ್ತಿರುವಾಗ, ಅದರ ಕಣ್ಣೆದುರಿಗೆ ಇದನ್ನು ತೊಳೆಯಲು ಕೈ ಬರುವುದಿಲ್ಲ.

ಬ್ರಷ್ಷಿನಿಂದ ಎಷ್ಟು ಉಜ್ಜಿದರೂ ಕಾಯಿಲಿನ ಸುತ್ತುಗಳ ಸಂದಿನ ಕರಿ ಹೋಗುವುದಿಲ್ಲ, ಅದನ್ನು ಸುಡಬೇಕು. ಅವಳು ಪೀಠವನ್ನು ಬ್ಯಾಟರಿಯ ಡಬ್ಬಿಗೆ ತಿರುಗಿಸಿ ಕೂರಿಸಿ, ಒಲೆಯ ಮೇಲಿನ ಫ್ಯಾನ್ ಹಾಕಿ, ಗುಂಡಿ ಒತ್ತಿದಳು. ಬಿಟ್ಟು ಬಿಟ್ಟು ಒತ್ತಬೇಕು, ಒಂದೇ ಸಮ ಒತ್ತಿದರೆ ತಂತಿ ಹಾಳು. ಮೊದಲು ಸಣ್ಣಗೆ ಹೊಗೆ, ಆಮೇಲೆ ಕಾಯಿಲಿನ ನಟ್ಟನಡುವೆ ಒಂದು ಕೆಂಪು ಚುಕ್ಕೆ. ಚುಕ್ಕೆ ಎರಡೂ ಬದಿಗೆ ಹರಡಿ ಇಡೀ ತಂತಿ ಕಿತ್ತಳೆಯಾಯಿತು. ನಡುವಿನಿಂದ ಹೊರಗೆ ಸಮನಾಗಿ ಹರಡಿದರೆ ತಂತಿ ಸುತ್ತಿದ ಕೈ ಸರಿಯಾಗಿದೆ ಎಂದರ್ಥ. ಅವಳು ಸುತ್ತಿದ ಕಾಯಿಲುಗಳು ಯಾವಾಗಲೂ ಸಮನಾಗಿಯೇ ಉರಿಯುತ್ತವೆ. ಇದನ್ನು ನೋಡುವಾಗ ಮನಸ್ಸಿಗಾಗುವ ಸಣ್ಣ ಸಂತೋಷವನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ಹೇಳಿಕೊಳ್ಳುವಂಥದ್ದೂ ಅಲ್ಲ. ಅದನ್ನೇ ನೋಡುತ್ತ ನಿಂತಿದ್ದಾಗ ಹಿಂದಿನಿಂದ, ಮೆಟ್ಟಿಲ ಬಳಿಯಿಂದ, "ಅಮ್ಮಾ" ಎಂಬ ದನಿ ಕೇಳಿತು.

ತಾರಿಣಿ ರಾತ್ರಿಯ ಪೈಜಾಮದಲ್ಲೇ, ಮೇಲೊಂದು ಟೋಪಿಯ ಸ್ವೆಟರ್ ಹಾಕಿಕೊಂಡು ನಿಂತಿದ್ದಳು. "ಸ್ಕೂಲಿಗೆ ಡಿಲೇಯ್ಡ್ ಓಪನಿಂಗ್. ರೋಡ್ಸ್ ಆರ್ ಐಸೀ. ಮೆಸೇಜ್ ನೋಡ್ಲಿಲ್ವಾ?"

ಹಂಸಿನಿಯ ಹೆಬ್ಬೆರಳು ಗುಂಡಿಯಿಂದ ತಾನಾಗಿ ಎದ್ದಿತು. ಕಿತ್ತಳೆ ಬಣ್ಣ ಅಂಚಿನಿಂದ ಒಳಕ್ಕೆ ಆರುತ್ತ ಬಂದು ನಡುವಿನ ಚುಕ್ಕೆಯಾಗಿ, ಅದೂ ಹೋಯಿತು. ಡಬ್ಬಿಯನ್ನು ಕಾಫಿ ಫಿಲ್ಟರಿನ ಹಿಂದಕ್ಕೆ ಸರಿಸಿದಳು. ಸರಿಸಿದ್ದು ಕಾಣಿಸಿತೆಂದು ಸರಿಸುವಾಗಲೇ ಗೊತ್ತಾಯಿತು. ಫೋನು ಮೇಲೆ ಚಾರ್ಜಿಗಿದೆ ಎಂದಳು, ಚಳಿಯಲ್ಲಿ ಬರಿಗಾಲಲ್ಲಿ ಯಾಕೆ ಬಂದೆ ಎಂದಳು, ಹಾಲು ಕಾಯಿಸಲಾ ಎಂದಳು. ಮಗಳು ಕೌಂಟರಿನ ಎತ್ತರದ ಸ್ಟೂಲಿನ ಮೇಲೆ ಹತ್ತಿ ಕೂತು ಬೋಗುಣಿಯೊಳಗೆ ನೋಡಿದಳು.

"ವಾಟ್ ಈಸ್ ದಟ್?"

"ದೀಪದ್ದು ಕಣೇ," ಎಂದಳು ಹಂಸಿನಿ. "ಬತ್ತಿ ಹಾಕೋ ಥರದ್ದು. ಶೈಲಜಾ ಆಂಟಿ ಕೊಟ್ಟಿದ್ದು."

"ಓಕೆ," ಎಂದಳು ತಾರಿಣಿ.

ಆ ಓಕೆಯಲ್ಲಿ ನಂಬಿಕೆಯೂ ಇರಲಿಲ್ಲ, ಅನುಮಾನವೂ ಇರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಎಂದಾಗ ಪರವಾಗಿಲ್ಲ ಬಿಡಿ ಎನ್ನುತ್ತಾರಲ್ಲ, ಅಂಥದ್ದು. ಶುಕ್ರವಾರ, ತಲೆಗೆ ಎರೆದುಕೊಂಡು, ದೇವರ ದೀಪದ ಹೆಸರು ಹೇಳಿ ಮಗಳಿಗೆ ಸುಳ್ಳು ಹೇಳಿದ್ದಾಯಿತು. ಬೇರೆ ಸುಳ್ಳೇ ಹೊಳೆಯಲಿಲ್ಲವೇ? ಮಿಕ್ಸಿಯದು ಎನ್ನಬಹುದಿತ್ತು, ವ್ಯಾಕ್ಯೂಮಿನದು ಎನ್ನಬಹುದಿತ್ತು. ಬಾಯಿಗೆ ಬಂದದ್ದು ದೀಪ. ಬರದೆ ಏನು, ಈ ಕೈ ಕಲಿತದ್ದೇ ಅಲ್ಲಿ. ಮೈಸೂರಿನ ಅಗ್ರಹಾರದ ಮನೆಯಲ್ಲಿ ಅಜ್ಜಿ ತೊಡೆಯ ಮೇಲೆ ಒಂದಿಷ್ಟು ಹತ್ತಿ ಹರಡಿ, ಬೀಜದ ಸಿಪ್ಪೆ ಹೆಕ್ಕಿ, ಎಳೆ ಎಳೆದು ಕೊಡುತ್ತಿದ್ದರು. ಇವಳು ಬೂದಿ ಮುಟ್ಟಿದ ಬೆರಳಲ್ಲಿ ಹೊಸೆಯುತ್ತಿದ್ದಳು. ಬಿಗಿಯಾದರೆ ಎಣ್ಣೆ ಹತ್ತಲ್ಲ, ಸಡಿಲಾದರೆ ಭಗ್ಗಂತ ಉರಿದುಹೋಗತ್ತೆ, ಅನ್ನುತ್ತಿದ್ದರು ಅಜ್ಜಿ. ದಿವಾಕರನ ಬಲಗೈ ನಡುಗಲು ಶುರುವಾದ ವರ್ಷ, ಕಾಯಿಲಿನ ತೂತಿಗೆ ಹತ್ತಿ ತೂರಿಸಲಾರದೆ, ಎಳೆಯ ತುದಿಯನ್ನು ಮತ್ತೆ ಮತ್ತೆ ಎಂಜಲಿಗೆ ತಾಗಿಸಿ ಚೂಪು ಮಾಡುತ್ತ, ಕೊನೆಗೆ ಚಿಮುಟವನ್ನು ಗ್ಯಾರೇಜಿನ ಗೋಡೆಗೆ ಬೀಸಿ ಒಗೆದಿದ್ದ. ಒಗೆಯಲು ಹಾಕಬೇಕಾದ ಬಟ್ಟೆ ಇದೆಯಾ ಎಂದು ಕೇಳಲು ಹೋದ ಇವಳು ಬಾಗಿಲಲ್ಲೇ ನಿಂತಿದ್ದಳು. ಅವನು ಇವಳ ಕಡೆ ನೋಡದೆ, ಬರ್ತೀಯಾ ಇಲ್ಲಿ, ಎಂದ. ಚಿಮುಟ ಹುಡುಕಿ ತಂದು, ಅವನು ಹೇಳಿದ ಹಾಗೆ ಹತ್ತಿಯ ಪಟ್ಟಿಯ ತುದಿಯನ್ನು ಹೊಸೆದು ತೂರಿಸಿದಳು. ಎಳೆದಾಗ ಕಾಯಿಲ್ ಅಲುಗಬಾರದು, ಆದರೆ ಹತ್ತಿ ಜಾರಬೇಕು. ಜಾರಿತು. ಅವನು ಇವಳ ಬೆರಳುಗಳನ್ನು ನೋಡಿದ. ಮದುವೆಯಾದ ಮೇಲೆ ಇಷ್ಟು ಹೊತ್ತು ಅವನು ಇವಳ ಕೈಯನ್ನು ನೋಡಿದ್ದು ಅದೇ ಮೊದಲು. "ನಿನ್ನ ಕೈಗೆ ಹೇಗೆ ಬಂತೇ ಇದು?" ಎಂದು ಕೇಳಿದ.

ಅವಳು ಹಾಲನ್ನು ಒಲೆಯ ಮೇಲಿಟ್ಟು ತಿರುಗಿದಾಗ ತಾರಿಣಿ ಸ್ಟೂಲಿನಿಂದ ಇಳಿದಿದ್ದಳು. ಒಲೆಯ ಹಿಡಿಗೆ ನೇತುಹಾಕಿದ್ದ ಬಟ್ಟೆ ತೆಗೆದುಕೊಂಡು, ಬೋಗುಣಿಯಿಂದ ಗಾಜಿನ ಕೊಳವೆಯನ್ನು ಎತ್ತಿ, ನಲ್ಲಿಯ ಕೆಳಗೆ ತೊಳೆದು, ಒಳಗೂ ಹೊರಗೂ ಒರೆಸುತ್ತಿದ್ದಳು. ಒರೆಸಿ, ಬೆಳಕಿಗೆ ಹಿಡಿದು ನೋಡಿ, ಸ್ಪೂನುಗಳ ಪಕ್ಕದಲ್ಲಿ ನಿಲ್ಲಿಸಿದಳು. ಆಮೇಲೆ ನಳಿಗೆ. ಆಮೇಲೆ ಮುಚ್ಚಳ, ಮುಚ್ಚಳದ ಕಪ್ಪು ರಬ್ಬರ್ ಉಂಗುರವನ್ನು ಉಗುರಿನಿಂದ ಬಿಡಿಸಿ, ಅದರಡಿಯ ಜಿಡ್ಡನ್ನು ಬಟ್ಟೆಯ ಮೂಲೆಯಿಂದ ತೆಗೆದು, ಉಂಗುರವನ್ನು ಮತ್ತೆ ಕೂರಿಸಿದಳು. ಉಂಗುರ ಬಿಡಿಸಬೇಕೆಂದು ಹಂಸಿನಿಗೆ ಗೊತ್ತಾಗಲು ಒಂದು ತಿಂಗಳು ಹಿಡಿದಿತ್ತು. ತನ್ನ ಒಳಬಟ್ಟೆಯನ್ನು ಬೇರೆಯವರು ಹಿಂಡಿ ಒಣಹಾಕುವುದನ್ನು ಕಂಡಂತೆ ಮುಖ ಬಿಸಿಯಾಯಿತು. ಹುಡುಗಿ ಎಷ್ಟು ದಿನದಿಂದ ನೋಡುತ್ತಿದ್ದಾಳೋ. ಎಲ್ಲಿ ನಿಂತು ನೋಡುತ್ತಾಳೋ.

"ಅಮ್ಮಾ," ಎಂದಳು ತಾರಿಣಿ.

"ಏನು?"

"ನಥಿಂಗ್. ಹಾಲು."

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತ್ತು. ಒರೆಸುತ್ತ ನಿಂತವಳಿಗೆ ಅದೇ ಒಲೆ, ಅದೇ ಜಾಗ, ಹೋದ ವರ್ಷದ ಒಂದು ಸಂಜೆ ನೆನಪಾಯಿತು. ಅದಕ್ಕೂ ಎಷ್ಟೋ ಮೊದಲು, ಇನ್ನೂ ನಾಲ್ಕನೇ ಗ್ರೇಡಿನಲ್ಲಿದ್ದಾಗ, ಸ್ಕೂಲಿನಲ್ಲಿ ಶ್ವಾಸಕೋಶದ ಚಿತ್ರಗಳನ್ನು ನೋಡಿ ಬಂದು ಅತ್ತಿದ್ದಳು ತಾರಿಣಿ. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು ಇನ್ನು ಸಿಗರೇಟು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದ. ಮುಟ್ಟಲೂ ಇಲ್ಲ. ವೇಪ್ ಸಿಗರೇಟಲ್ಲವಲ್ಲ. ಇಂಥ ಲೆಕ್ಕಾಚಾರದಲ್ಲಿ ಅವನು ಜಾಣ. ತಾರಿಣಿ ಮಿಡ್ಲ್ ಸ್ಕೂಲಿಗೆ ಹೋದ ಮೇಲೆ ಅದೂ ಸಿಗರೇಟೇ ಎಂದು ಟೀಚರುಗಳು ಹೇಳಿಕೊಟ್ಟರು. ಹೋದ ವರ್ಷ ಆ ಸಂಜೆ ಅವಳು ಅಡಿಗೆಮನೆಗೆ ಬಂದು ಅಪ್ಪನ ಎದುರು ನಿಂತು, ಏನೂ ಕೇಳದೆ, ತಲೆ ಬಾಗಿಸಿದಳು. ದಿವಾಕರ ನಗಲು ನೋಡಿದ. ಹುಡುಗಿ ತಲೆ ಎತ್ತಲಿಲ್ಲ. ಅವನು ಕೈಯಿಟ್ಟ, ಆ ನಡುಗುವ ಕೈಯನ್ನೇ. "ಅದನ್ನೂ ಬಿಟ್ಟೆ ಕಣಮ್ಮ," ಎಂದ. ಹಂಸಿನಿ ಸಾರು ತಿರುವುತ್ತಿದ್ದಳು. ಸ್ವೆಟರಿನ ಜೇಬಿನಲ್ಲಿ ಬೆಳಿಗ್ಗೆ ತೊಳೆದ ಟ್ಯಾಂಕಿತ್ತು. ಅವಳು ಸೌಟು ನಿಲ್ಲಿಸಲಿಲ್ಲ. ಅಂದಿನಿಂದ ಮಗಳಿಗೆ ನೆಗಡಿಯಾದರೂ, ಮಂಜಿನಲ್ಲಿ ಕಾಲು ಜಾರಿ ಬಿದ್ದರೂ, ಇವಳಿಗೆ ಆ ಬಾಗಿದ ತಲೆ ನೆನಪಾಗುತ್ತದೆ. ಆಣೆ ಮಾಡಿದವನು ಅವನು, ನಿಜ. ಆದರೆ ಆಣೆಯನ್ನು ವಾರವಾರ ತೊಳೆದು, ಒಣಗಿಸಿ, ಮತ್ತೆ ಮುರಿಯಲು ಅಣಿ ಮಾಡಿಕೊಡುವವಳು ಯಾರು?

ದೋಸೆ ಹಾಕಿಕೊಟ್ಟಳು. ತಾರಿಣಿ ಫೋನು ನೋಡುತ್ತ ತಿಂದಳು. ಇದನ್ನೆಲ್ಲ ನಿಲ್ಲಿಸಬಹುದು. ಇವತ್ತೇ ಎಲ್ಲವನ್ನೂ ಕಸದ ಚೀಲಕ್ಕೆ ಹಾಕಿ, ಸಂಜೆ ಅವನು ಬಂದಾಗ, ಇನ್ನು ನನ್ನ ಕೈಲಾಗಲ್ಲ ರೀ ಎನ್ನಬಹುದು. ಅವನ ಕೈಯಿಂದ ಆಗುವ ಕೆಲಸವಲ್ಲ ಇದು. ಅಂಗಡಿಯಲ್ಲಿ ಸಿದ್ಧ ಕಾಯಿಲುಗಳು ಸಿಗುತ್ತವೆ, ಆದರೆ ಅವುಗಳಲ್ಲಿ ರುಚಿಯಿಲ್ಲವೆಂದು ಅವನಿಗೆ ಸಿಟ್ಟು. ಬಹುಶಃ ಬಿಟ್ಟೇ ಬಿಡುತ್ತಾನೆ. ಅವನು ಬಿಡುತ್ತಾನೆ, ಮಗಳ ತಲೆಯ ಮೇಲಿನ ಭಾರ ಇಳಿಯುತ್ತದೆ. ಆಮೇಲೆ ಭಾನುವಾರ ಬರುತ್ತದೆ. ಊಟವಾದ ಮೇಲೆ ಅವನು ಗ್ಯಾರೇಜಿಗೆ ಹೋಗುವುದಿಲ್ಲ. ಬೇಸ್‌ಮೆಂಟಿಗೆ ಇಳಿದು ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುತ್ತಾನೆ, ಉಳಿದ ಆರು ದಿನದ ಹಾಗೆ. ಆರು ದಿನ ಅವರ ನಡುವೆ ಇರುವ ಮಾತು ಕಸದ ಗಾಡಿ, ಹಾಲು ಮುಗಿದಿದೆ, ನಿನ್ನ ಫೋನ್ ರಿಂಗಾಗ್ತಿದೆ. ಗ್ಯಾರೇಜಿನಲ್ಲಿ, ಮಡಚುವ ಮೇಜಿನ ಎದುರುಬದುರು ಕೂತು, ಅವನು ಫೋನಿನ ಟಾರ್ಚು ಹಿಡಿದು, ಅವಳು ಹತ್ತಿ ತೂರಿಸುವಾಗ ಮಾತ್ರ ಅವನು ಬಾಯಿ ಬಿಡುತ್ತಾನೆ. ಕಣ್ಣು ಕಾಯಿಲಿನ ಮೇಲಿರುತ್ತದಲ್ಲ, ಅದಕ್ಕಿರಬಹುದು, ಮುಖ ನೋಡಬೇಕಾಗಿಲ್ಲ. ಆಫೀಸಿನಲ್ಲಿ ತನಗಿಂತ ಕಿರಿಯನೊಬ್ಬ ಮೀಟಿಂಗಿನ ನಡುವೆ, ಆರ್ ಯು ಕೋಲ್ಡ್, ಎಂದು ತನ್ನ ಕೈ ನೋಡಿ ಕೇಳಿದ್ದನ್ನು ಅವನು ಹೇಳಿದ್ದು ಅಲ್ಲಿ. ಕಾಲೇಜಿನಲ್ಲಿ ಚಿತ್ರ ಬರೆಯುತ್ತಿದ್ದೆ ಎಂದು ಇಷ್ಟು ವರ್ಷಕ್ಕೆ ಹೇಳಿದ್ದು ಅಲ್ಲಿ. ಅವನ ಸೋದರತ್ತೆ ಗುರುಸಿದ್ದಮ್ಮ ನಶ್ಯ ಏರಿಸಿ ಸೀನುತ್ತ ರಾಮಾಯಣ ಓದುತ್ತಿದ್ದುದನ್ನು ಅವನು ಮಾಡಿ ತೋರಿಸಿದಾಗ ಹಂಸಿನಿ ನಕ್ಕು ನಕ್ಕು, ತೂರಿಸಿದ ಹತ್ತಿಯನ್ನೇ ಎಳೆದು ಹಾಕಿದ್ದಳು. "ನಗಬೇಡ್ವೇ, ಹತ್ತಿ ಹೋಯ್ತು," ಎಂದು ಅವನೂ ನಕ್ಕಿದ್ದ.

ಗೆಳತಿ ಶೈಲಜಾ ಜೆರಿಕೋ ಊರಿನ ತನ್ನ ಮನೆಯಲ್ಲಿ ಲಕ್ಷಬತ್ತಿಯ ಸಂಕಲ್ಪ ಮಾಡಿ ಎಲ್ಲರನ್ನೂ ಬತ್ತಿ ಹೊಸೆಯಲು ಕರೆದಾಗಲೂ ಹಂಸಿನಿ ಇದನ್ನೇ ನೆನೆಯುತ್ತ ಕೂತಿದ್ದಳು. ಹೆಂಗಸರೆಲ್ಲ ಅವಳ ಬತ್ತಿಯನ್ನು ಎತ್ತಿ ಎತ್ತಿ ನೋಡಿದರು, ಎಲ್ಲ ಒಂದೇ ಅಚ್ಚಿನಿಂದ ತೆಗೆದ ಹಾಗಿದೆಯಲ್ಲ ಎಂದರು. ದಿನಾ ಅಭ್ಯಾಸ ಮಾಡ್ತೀಯೇನೇ ಎಂದು ಯಾರೋ ಕೇಳಿದಾಗ ಅವಳ ಬೆರಳು ತಡೆಯಿತು. ಶೈಲಜಾ ಪಕ್ಕಕ್ಕೆ ವಾಲಿ ಮೂಸಿ, "ಅದೇನ್ ಸೆಂಟು ಹಾಕ್ಕೊಂಡಿದ್ದೀಯೇ, ಮಾವಿನ ತೋಟಕ್ಕೆ ಬಂದಂಗಿದೆ," ಎಂದಳು. ಎಲ್ಲರೂ ನಕ್ಕರು. ಇವಳೂ ನಕ್ಕಳು, ನಗುತ್ತ ಸೆರಗನ್ನು ಮೊಣಕಾಲಿನ ಕೆಳಗೆ ಒತ್ತಿ ಕೂತಳು. ಹೊರಡುವಾಗ ಉಳಿದ ಹತ್ತಿಯನ್ನು ಅವಳ ಮಡಿಲಿಗೆ ತುಂಬಿದರು, ದೇವರದ್ದು, ಇಟ್ಟುಕೋ. ಆ ವಾರ ಕಾಯಿಲಿನ ಹತ್ತಿ ಮುಗಿದಿತ್ತು. ಇವಳು ದೇವರ ಹತ್ತಿಯನ್ನು ಕುದಿಸಿ, ಹಿಂಡಿ, ಹೀಟರಿನ ಮೇಲೆ ಒಣಗಿಸಿ ತೂರಿಸಿಕೊಟ್ಟಳು. ದಿವಾಕರ ಒಂದು ದಮ್ಮು ಎಳೆದು, ಕಣ್ಣು ಮುಚ್ಚಿ, "ಇವತ್ತು ರುಚಿ ಎಷ್ಟು ಶುದ್ಧವಾಗಿದೆ," ಎಂದ. ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ನಗುತ್ತಿದ್ದ. ದೇವರಿಗೂ ಹೇಳಲಿಲ್ಲ.

ಆದರೆ ಅದೂ ದೊಡ್ಡ ತಪ್ಪಲ್ಲ. ದೊಡ್ಡದು ಇನ್ನೊಂದು. ಒಂದು ಭಾನುವಾರ, ಅವನು ಹೆಚ್ಚು ಮಾತಾಡದೆ ಬೇಗ ಎದ್ದು ಹೋದ ಭಾನುವಾರದ ಮರುವಾರ, ಅವಳು ಹತ್ತಿಯನ್ನು ಬೇಕೆಂದೇ ಬಿಗಿಯಾಗಿ ತುಂಬಿದಳು. ಕಣ್ಣಿಗೆ ಕಾಣದಷ್ಟು ಬಿಗಿ, ಜ್ಯೂಸು ಹತ್ತಿಯ ನಡುವಿನವರೆಗೆ ಏರದಷ್ಟು. ಒಣಹತ್ತಿ ಸುಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬುಧವಾರ ಸಂಜೆ ಬೇಸ್‌ಮೆಂಟಿನ ಮೆಟ್ಟಿಲು ಕಿರುಗುಟ್ಟಿ ಅವನು ಮೇಲೆ ಬಂದ. ಗಂಟಲು ಹಿಡಿದುಕೊಂಡಿದ್ದ. "ಏನೋ ಸುಟ್ಟ ವಾಸನೆ ಕಣೇ. ಸ್ವಲ್ಪ ನೋಡ್ತೀಯಾ?" ಅವಳು ಅಯ್ಯೋ ಎಂದು ಕೈ ಒರೆಸಿಕೊಂಡು ಅವನ ಹಿಂದೆ ಗ್ಯಾರೇಜಿಗೆ ನಡೆದಳು. ಒಂದು ಗಂಟೆ ಕೂತರು. ಅವನು ಮೂರು ಸಲ ಕೆಮ್ಮಿದ. ಪ್ರತಿ ಕೆಮ್ಮಿಗೂ ಅವಳ ಎದೆ ಹಿಂಡಿತು, ಹಿಂಡುತ್ತಿರುವಾಗಲೇ ಹಿಗ್ಗುತ್ತಲೂ ಇತ್ತು. ಆಮೇಲೆ ಎಷ್ಟು ಸಲ ಹಾಗೆ ಮಾಡಿದಳೋ ಅವಳೇ ಮರೆತಿದ್ದಾಳೆ, ಅಥವಾ ಮರೆತಿದ್ದೇನೆ ಎಂದುಕೊಂಡಿದ್ದಾಳೆ. ಜಿಪುಣಿಯಂತೆ ಒಂದೊಂದೇ ಎಳೆ ಹೆಚ್ಚು ಸೇರಿಸಿ, ಗಂಡನ ಒಂದು ಬುಧವಾರವನ್ನು ಅವನ ಗಂಟಲಿನಿಂದ ಕದ್ದುಕೊಂಡಳು. ಬಿಗಿಯಾದರೆ ಎಣ್ಣೆ ಹತ್ತಲ್ಲ ಎಂದು ಕಲಿಸಿದ ಅಜ್ಜಿಗೆ ಇದು ಗೊತ್ತಾದರೆ?

"ಕ್ಯಾನ್ ಯು ಡ್ರಾಪ್ ಮಿ?" ತಾರಿಣಿ ತಟ್ಟೆಯನ್ನು ಸಿಂಕಿಗೆ ಹಾಕುತ್ತ ಕೇಳಿದಳು.

ಬಸ್ಸು ತಡವಾಗಿಯಾದರೂ ಬರುತ್ತಿತ್ತು. ಅದನ್ನು ಇಬ್ಬರೂ ಬಲ್ಲರು. ಹಂಸಿನಿ ಹೂಂ ಎಂದಳು. ಒರೆಸಿಟ್ಟ ಗಾಜು, ನಳಿಗೆ, ಮುಚ್ಚಳ ಸ್ಪೂನುಗಳ ಜೊತೆ ಸಾಲಾಗಿ ನಿಂತಿದ್ದವು. ಅವನ್ನು ಎತ್ತಿಡಲೂ ಆಗದೆ, ಬಿಟ್ಟು ಹೋಗಲೂ ಆಗದೆ, ಕೊನೆಗೆ ಹಾಗೇ ಬಿಟ್ಟು ಕೋಟು ಹಾಕಿಕೊಂಡಳು. ದೀಪ ಹಚ್ಚಿರಲಿಲ್ಲ. ಕಾರಿನ ಗಾಜಿನ ಮೇಲಿನ ಐಸನ್ನು ಅವಳು ಒಂದು ಕಡೆಯಿಂದ, ಮಗಳು ಇನ್ನೊಂದು ಕಡೆಯಿಂದ ಕೆರೆದರು. ಗಾಜಿನಾಚೆ ಮಗಳ ಮುಖ ಮಸುಕಾಗಿ, ಕೆರೆದಷ್ಟು ಜಾಗದಲ್ಲಿ ಸ್ಪಷ್ಟವಾಗಿ, ಮತ್ತೆ ಮಸುಕಾಗಿ ಕಂಡಿತು. ಈ ಹುಡುಗಿ ಕೇಳಲಿದ್ದಾಳೆ. ಅಪ್ಪ ಇನ್ನೂ ಸೇದ್ತಾರಾ, ಎಂದು ಕೇಳುತ್ತಾಳೆ. ಹೂಂ ಎಂದರೆ ಅವಳ ಪಾಲಿಗೆ ಅಪ್ಪ ಹೋದ. ಇಲ್ಲ ಎಂದರೆ ತಾನು ಹೋದೆ. ರಸ್ತೆಯುದ್ದಕ್ಕೂ ಚೆಲ್ಲಿದ ಉಪ್ಪು ಚಕ್ರದಡಿ ಪಟಪಟ ಸಿಡಿಯುತ್ತಿತ್ತು. ಹಂಸಿನಿ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಕಟ್ಟಿದಳು. ಅಪ್ಪಂಗೆ ಬಿಡಕ್ಕೆ ಕಷ್ಟ ಆಗ್ತಿದೆ ಪುಟ್ಟಾ, ಸ್ವಲ್ಪ ಟೈಮ್ ಕೊಡೋಣ. ಸಿಗ್ನಲ್ಲಿನ ಹತ್ತಿರ ತಾರಿಣಿ ಮತ್ತೆ, ಅಮ್ಮಾ, ಎಂದಳು. ಏನು ಎಂದಾಗ ಕಿಟಕಿಯ ಕಡೆ ತಿರುಗಿ, ನೆವರ್ ಮೈಂಡ್, ಎಂದಳು.

ಸ್ಕೂಲಿನ ಮುಂದೆ ಕಾರುಗಳ ಸಾಲು ಇಂಚಿಂಚಾಗಿ ಸಾಗುತ್ತಿತ್ತು. ಕಿತ್ತಳೆ ಜಾಕೆಟ್ಟಿನ ಹೆಂಗಸೊಬ್ಬಳು ಬನ್ನಿ ಬನ್ನಿ ಎಂದು ಕೈಬೀಸುತ್ತಿದ್ದಳು. ಮುಂದಿನ ಕಾರಿನಿಂದ ಇಬ್ಬರು ಮಕ್ಕಳು ಹಾರಿ ಇಳಿದು ಓಡಿದರು. ಇವರ ಸರದಿ ಬಂತು. ತಾರಿಣಿ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು, ಸೀಟ್ ಬೆಲ್ಟಿನ ಗುಂಡಿಯ ಮೇಲೆ ಬೆರಳಿಟ್ಟಳು, ಒತ್ತಲಿಲ್ಲ.

"ನನ್ನ ರೂಮ್ ಕರೆಕ್ಟಾಗಿ ಗ್ಯಾರೇಜ್ ಮೇಲಿದೆ," ಎಂದಳು. "ಹೀಟರ್ ವೆಂಟಲ್ಲಿ ಎಲ್ಲಾ ಕೇಳ್ಸತ್ತೆ."

ಹಂಸಿನಿಗೆ ಕಟ್ಟಿಟ್ಟುಕೊಂಡ ಮಾತು ಎಲ್ಲಿಂದ ಶುರುವಾಗುತ್ತಿತ್ತೆಂದು ಮರೆತುಹೋಯಿತು. ಎಲ್ಲಾ ಅಂದರೆ ಏನು? ಅವನ ನಡುಗುವ ಕೈಯ ಮಾತೇ, ಬುಧವಾರದ ಕೆಮ್ಮೇ? ಮಗಳು ಹೇಳಬೇಕೆಂದುಕೊಂಡದ್ದು ಅದಲ್ಲ. ಅವಳು ಬ್ಯಾಗಿನ ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ, ಅಮ್ಮ ಅಲ್ಲಿ ನಗುವುದು ಕೇಳಿಸುತ್ತದೆ ಎಂದಳು, ಮನೆಯೊಳಗೆ ಆ ಥರ ನಗುವುದನ್ನು ತಾನು ಕೇಳಿಯೇ ಇಲ್ಲ ಎಂದಳು, ಅದಕ್ಕೇ ಭಾನುವಾರ ಫ್ರೆಂಡ್ಸ್ ಮನೆಗೆ ಹೋಗದೆ ರೂಮಿನಲ್ಲೇ ಇರುತ್ತೇನೆ ಎಂದಳು. ಇಷ್ಟನ್ನೂ ಇಂಗ್ಲಿಷಿನಲ್ಲಿ, ಕ್ಲಾಸಿನಲ್ಲಿ ಪಾಠ ಒಪ್ಪಿಸಿದಂತೆ, ಮುಂದಿನ ಗಾಜನ್ನೇ ನೋಡುತ್ತ ಹೇಳಿದಳು. ಹಿಂದಿನ ಕಾರು ಮೆಲ್ಲಗೆ ಹಾರನ್ ಮಾಡಿತು. ಕಿತ್ತಳೆ ಜಾಕೆಟ್ಟಿನವಳು ಇವರತ್ತ ಬಗ್ಗಿ ನೋಡಿದಳು. ಹಂಸಿನಿ ಅವಳಿಗೆ ಒಂದು ನಿಮಿಷ ಎಂಬಂತೆ ಬೆರಳೆತ್ತಿದಳು, ಎತ್ತಿದ ಬೆರಳನ್ನು ಇಳಿಸಲು ಮರೆತಳು.

ತಾರಿಣಿ ಬೆಲ್ಟನ್ನು ಬಿಚ್ಚಿದಳು. ಬಾಗಿಲು ತೆರೆದು ಒಂದು ಕಾಲನ್ನು ಹೊರಗಿಟ್ಟಳು. ತಣ್ಣನೆ ಗಾಳಿ ಒಳಗೆ ನುಗ್ಗಿತು. ಹಾಗೇ, ಅರ್ಧ ಒಳಗೆ ಅರ್ಧ ಹೊರಗೆ ಕೂತು, ಮೊದಲ ಸಲ ಅಮ್ಮನ ಮುಖವನ್ನು ನೇರವಾಗಿ ನೋಡಿ, ಅವಳು ಕನ್ನಡದಲ್ಲಿ ಕೇಳಿದಳು:

"ಅಪ್ಪ ನಿಜವಾಗ್ಲೂ ಬಿಟ್ಬಿಟ್ರೆ, ನಿನ್ನ ಹತ್ರ ಯಾರು ಮಾತಾಡ್ತಾರೆ ಅಮ್ಮಾ?"